ರೆಡಿಂಗ್‌ಗೆ ಹೊಸದಾಗಿ ಬಂದಿದ್ದೀರಾ? ಮಕ್ಕಳನ್ನು ಮ್ಯಾಚ್‌ಗೆ ಕರೆದುಕೊಂಡು ಹೋಗಿ

ಇಂಗ್ಲೆಂಡಿನಲ್ಲಿ ಮಗು ಸ್ಕೂಲಿಗೆ ಸೇರಿದ ಮೊದಲ ವಾರವೇ ಯಾರಾದರೂ ಕೇಳುತ್ತಾರೆ, ನಿನ್ನ ಫುಟ್‌ಬಾಲ್ ಟೀಮ್ ಯಾವುದು ಅಂತ. ಟಿವಿಯಲ್ಲಿ ಕಾಣುವ ಲಿವರ್‌ಪೂಲ್, ಆರ್ಸೆನಲ್ ಹೆಸರು ಹೇಳೋದು ಸುಲಭ. ಆದರೆ ಊರಿನ ಟೀಮ್ ಹಿಡಿಯಿರಿ. ಆಟ ಕಣ್ಣೆದುರೇ ಸಿಗುತ್ತದೆ. ರೆಡಿಂಗ್ ಎಫ್‌ಸಿ 1871ರಿಂದ ಇದೆ. ಹಂಟ್ಲಿ ಅಂಡ್ ಪಾಮರ್ಸ್ ಬಿಸ್ಕೆಟ್ ಫ್ಯಾಕ್ಟರಿ ಇದ್ದ ಕಾಲದಲ್ಲಿ ಈ ಟೀಮಿಗೆ 'ಬಿಸ್ಕೆಟ್‌ಮೆನ್' ಅಂತ ಅಡ್ಡಹೆಸರು, ಈಗ 'ರಾಯಲ್ಸ್'. ನನ್ನ ಮಗಳಿಗೆ ಮೊದಲು ಹಿಡಿಸಿದ್ದು ಆ ಬಿಸ್ಕೆಟ್ ಕಥೆಯೇ.

ಮ್ಯಾಚ್ ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ 3ಕ್ಕೆ. ಆ ಹೊತ್ತಿನ ಆಟವನ್ನು ಇಲ್ಲಿನ ಟಿವಿಯಲ್ಲಿ ಲೈವ್ ತೋರಿಸೋದಿಲ್ಲ, ನೋಡಬೇಕಂದ್ರೆ ಹೋಗಲೇಬೇಕು. ಟಿಕೆಟ್ ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಿ, ಮಕ್ಕಳಿಗೆ ಕಡಿಮೆ ಇರುತ್ತದೆ. ಕುಡಿದವರ ಗಲಾಟೆ ಇರುತ್ತಾ ಅಂತ ನನ್ನ ಹೆಂಡತಿಗೂ ಭಯ ಇತ್ತು. ಮೈದಾನ ಕಾಣುವ ಸೀಟಿನಲ್ಲಿ ಕೂತು ಬಿಯರ್ ಕುಡಿಯೋದಕ್ಕೆ ಇಲ್ಲಿ ಕಾನೂನೇ ಬಿಡೋದಿಲ್ಲ. ಬೈಗುಳ ಮಾತ್ರ ಕಿವಿಗೆ ಬೀಳುತ್ತದೆ, ಅದಕ್ಕೆ ಫ್ಯಾಮಿಲಿ ಸೀಟುಗಳ ಕಡೆ ಕೂರಿ. ಊಟ ಮನೆಯಲ್ಲೇ ಮುಗಿಸಿ. ಚಳಿಗಾಲದಲ್ಲಿ ಕಾಲ್ಚೀಲ ಎರಡೆರಡು ಜೊತೆ ಬೇಕು, ಥಂಡಿ ಏರೋದು ಕೆಳಗಿನ ಕಾಂಕ್ರೀಟ್‌ನಿಂದ.

ಸಾಧ್ಯವಾದರೆ ಪ್ರತಿ ಸಲ ಅದೇ ಜಾಗದ ಸೀಟು ತಗೊಳ್ಳಿ. ನಮ್ಮ ಹಿಂದಿನ ಸಾಲಲ್ಲಿ ಒಬ್ಬರು ಅಜ್ಜ ಕೂರುತ್ತಾರೆ. ಮೂರನೇ ಮ್ಯಾಚ್‌ಗೆ ಮಗಳ ಹೆಸರು ನೆನಪಿಟ್ಟುಕೊಂಡಿದ್ದರು, ಅರ್ಧ ಸಮಯಕ್ಕೆ ಜೇಬಿನಿಂದ ಮಿಂಟ್ ತೆಗೆದು ಕೊಡುತ್ತಿದ್ದರು. ಆಫ್‌ಸೈಡ್ ಅಂದ್ರೆ ಏನು ಅಂತ ಅವಳಿಗೆ ಹೇಳಿಕೊಟ್ಟಿದ್ದು ಅವರೇ, ನಾನಲ್ಲ. ಈ ಊರಿಗೆ ಬಂದು ಎರಡು ವರ್ಷ ಆಗಿದ್ದರೂ ಪಕ್ಕದ ಮನೆಯವರ ಹೆಸರು ಗೊತ್ತಿರದ ನಮಗೆ ಅದು ದೊಡ್ಡ ವಿಷಯ.

ಸೋಲು ಜಾಸ್ತಿ ಇರುತ್ತದೆ, ಮೊದಲೇ ಹೇಳಿಬಿಡ್ತೀನಿ. 2023ರಲ್ಲಿ ಟೀಮ್ ಮೂರನೇ ದರ್ಜೆಗೆ ಇಳಿಯಿತು. ಹಿಂದಿನ ಮಾಲೀಕರ ಕಾಲದಲ್ಲಿ ಕ್ಲಬ್ಬೇ ಮುಚ್ಚಿಹೋಗುತ್ತೇನೋ ಅನ್ನೋ ಭಯ ಇತ್ತು. 2024ರ ಜನವರಿಯಲ್ಲಿ ಜನ ಮೈದಾನಕ್ಕೇ ಇಳಿದು ಪ್ರತಿಭಟಿಸಿದರು, ಆ ಮ್ಯಾಚ್ ಅರ್ಧಕ್ಕೇ ನಿಂತಿತು. 2025ರ ಮೇನಲ್ಲಿ ಮಾಲೀಕರು ಬದಲಾದರು. ಆರ್‌ಸಿಬಿ ಕಪ್‌ಗಾಗಿ 18 ಸೀಸನ್ ಕಾದವರು ನಾವು, ಇದೆಲ್ಲ ನಮಗೆ ಹೊಸದಲ್ಲ ಅಲ್ವಾ?

ಮೊದಲ ದಿನವೇ ಜೆರ್ಸಿಗೆ ದುಡ್ಡು ಹಾಕಬೇಡಿ. ನೀಲಿ-ಬಿಳಿ ಸ್ಕಾರ್ಫ್ ಒಂದು ಸಾಕು. ನಮ್ಮ ಮನೆಯದನ್ನು ಈಗ ಮಗಳೂ ಬಳಸುತ್ತಾಳೆ, ಮೈಸೂರಿನಿಂದ ಬಂದಾಗ ನನ್ನ ಅಮ್ಮನೂ ಸೀರೆಯ ಮೇಲೆ ಸುತ್ತಿಕೊಂಡು ಬರುತ್ತಾರೆ.