ಜಿಮ್ಯಾಟ್ ಮಾಕ್ ಸ್ಕೋರ್ ಓದುವುದು ಹೇಗೆ: ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು

ಮಾಕ್ ಟೆಸ್ಟ್ ಮುಗಿದ ತಕ್ಷಣ ಎಲ್ಲರೂ ಮಾಡುವುದು ಒಂದೇ ಕೆಲಸ. ಒಟ್ಟು ಸ್ಕೋರ್ ನೋಡುವುದು. ಹಿಂದಿನ ಸಲಕ್ಕಿಂತ ಜಾಸ್ತಿ ಬಂದಿದ್ದರೆ ಸ್ನೇಹಿತರಿಗೆ ಸ್ಕ್ರೀನ್‌ಶಾಟ್, ಕಮ್ಮಿ ಬಂದಿದ್ದರೆ ಎರಡು ದಿನ ಪುಸ್ತಕ ಮುಟ್ಟುವ ಮನಸ್ಸಿಲ್ಲ. ಎರಡೂ ದಂಡ. ಒಂದು ಮಾಕ್‌ನಿಂದ ತಿಳಿಯಬಹುದಾದ ವಿಷಯ ಬೇಕಾದಷ್ಟಿದೆ, ಅದರಲ್ಲಿ ಅತಿ ಕಮ್ಮಿ ಹೇಳುವುದು ಆ ಮೂರಂಕಿಯ ಸಂಖ್ಯೆ. ಬಿಸಿನೆಸ್ ಸ್ಕೂಲ್ ಪ್ರವೇಶಕ್ಕೆ ಬೇರೆ ಪರೀಕ್ಷೆಗಳೂ ಇವೆ. ನಾನಿಲ್ಲಿ ಜಿಮ್ಯಾಟ್ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಸ್ಕೇಲ್ ಯಾವುದು ಅಂತ ನೋಡಿ

ಈಗಿನ ಜಿಮ್ಯಾಟ್ 2023ರ ನವೆಂಬರ್‌ನಲ್ಲಿ ಶುರುವಾಯಿತು, ಹಳೆಯದು 2024ರ ಆರಂಭದಲ್ಲಿ ನಿಂತಿತು. ಈಗಿನ ಸ್ಕೋರ್ 205ರಿಂದ 805ರವರೆಗೆ, ಕೊನೆಯ ಅಂಕಿ ಯಾವಾಗಲೂ 5. ಹಳೆಯದು 200ರಿಂದ 800, ಕೊನೆಯ ಅಂಕಿ 0. ಹಾಗಾಗಿ ನಿಮ್ಮ ಮಾಕ್ 680 ಅಂತ ತೋರಿಸಿದರೆ ಅದು ಹಳೆಯ ಸ್ಕೇಲ್, ಸುಮ್ನೆ ಖುಷಿಪಡಬೇಡಿ, ಬೇಜಾರೂ ಬೇಡ. ಪರ್ಸೆಂಟೈಲ್ ಲೆಕ್ಕದಲ್ಲಿ ಹಳೆಯ 700 ಅಂದರೆ ಸರಿಸುಮಾರು ಈಗಿನ 645. ಅಣ್ಣನಿಗೆ ಆಗ 700 ಬಂದಿತ್ತು, ನನಗೆ 645 ದಾಟುತ್ತಿಲ್ಲ ಅಂತ ಕೊರಗುವವರು ಇದೊಂದು ಸಾಲು ನೆನಪಿಟ್ಟುಕೊಂಡರೆ ಸಾಕು.

ಪರ್ಸೆಂಟೈಲ್ ಬೇರೆ, ಪರ್ಸೆಂಟೇಜ್ ಬೇರೆ. 80ನೇ ಪರ್ಸೆಂಟೈಲ್ ಅಂದರೆ ಪರೀಕ್ಷೆ ಬರೆದವರಲ್ಲಿ ಶೇ. 80ರಷ್ಟು ಜನ ನಿಮಗಿಂತ ಕೆಳಗಿದ್ದಾರೆ ಅಂತ. ನೀವು ಶೇ. 80ರಷ್ಟು ಉತ್ತರ ಸರಿ ಮಾಡಿದ್ದೀರಿ ಅಂತ ಅಲ್ಲ.

ಮೂರು ಸೆಕ್ಷನ್‌ಗಳಿವೆ: ಕ್ವಾಂಟ್ (ಗಣಿತ), ವರ್ಬಲ್ (ಇಂಗ್ಲಿಷ್ ಓದು, ತರ್ಕ), ಡೇಟಾ ಇನ್‌ಸೈಟ್ಸ್ (ಕೋಷ್ಟಕ, ಗ್ರಾಫ್ ಥರದ ಮಾಹಿತಿ ಓದಿ ಉತ್ತರಿಸುವುದು). ಪ್ರತಿಯೊಂದಕ್ಕೂ 60ರಿಂದ 90ರ ಸ್ಕೋರ್, ಒಟ್ಟು ಸ್ಕೋರ್‌ನಲ್ಲಿ ಮೂರಕ್ಕೂ ಸಮಪಾಲು. ಇಲ್ಲೊಂದು ಎಡವಟ್ಟು ಆಗುತ್ತದೆ. ಮೂರರಲ್ಲೂ 80 ಬಂದರೆ ಮೂರೂ ಒಂದೇ ಮಟ್ಟ ಅಂದುಕೊಳ್ಳುತ್ತಾರೆ. ಹಾಗಲ್ಲ. ಡೇಟಾ ಇನ್‌ಸೈಟ್ಸ್‌ನಲ್ಲಿ 80 ಬಂದರೆ ಪರ್ಸೆಂಟೈಲ್ ಕ್ವಾಂಟ್‌ನ 80ಕ್ಕಿಂತ ಎಷ್ಟೋ ಮೇಲಿರುತ್ತದೆ. ಆದ್ದರಿಂದ ಯಾವ ಸೆಕ್ಷನ್ ವೀಕು ಅಂತ ತೀರ್ಮಾನಿಸುವಾಗ ಪರ್ಸೆಂಟೈಲ್ ಕಾಲಮನ್ನೂ ನೋಡಿ.

ಸ್ಕೋರ್ ಒಂದು ಚುಕ್ಕಿ ಅಲ್ಲ

ಒಬ್ಬ ವಿದ್ಯಾರ್ಥಿಯ ನಾಲ್ಕು ಮಾಕ್ ಹೀಗಿವೆ ಅಂದುಕೊಳ್ಳಿ: 605, 645, 595, 625. ಎರಡನೆಯದರಲ್ಲಿ ಹಾರಿದ, ಮೂರನೆಯದರಲ್ಲಿ ಬಿದ್ದ, ನಾಲ್ಕನೆಯದರಲ್ಲಿ ಸುಧಾರಿಸಿದ ಅಂತ ಕಥೆ ಕಟ್ಟಬಹುದು. ಆದರೆ ಅಲ್ಲಿ ಕಥೆಯೇ ಇಲ್ಲ. ಒಟ್ಟು ಸ್ಕೋರ್‌ನಲ್ಲಿ ಸುಮಾರು 30–40 ಅಂಕದ ಅಳತೆಯ ದೋಷ ಇದ್ದೇ ಇರುತ್ತದೆ. ಅಂದರೆ ಅದೇ ವ್ಯಕ್ತಿ, ಅದೇ ತಯಾರಿಯಲ್ಲಿ, ಬೇರೆ ಪ್ರಶ್ನೆಗಳು ಬಂದ ದಿನ ಅಷ್ಟು ಆಚೀಚೆ ಆಗುವುದು ಮಾಮೂಲು. ಈ ನಾಲ್ಕರ ಸರಾಸರಿ 617.5. ಇವನು ಸದ್ಯಕ್ಕೆ 615–620ರ ಆಸುಪಾಸಿನ ವಿದ್ಯಾರ್ಥಿ, ಅಷ್ಟೇ. 645 ಬಂದದ್ದನ್ನು ತನ್ನ 'ನಿಜವಾದ' ಸ್ಕೋರ್ ಅಂತ ಹಿಡಿದುಕೊಂಡು 595ನ್ನು 'ಕೆಟ್ಟ ದಿನ' ಅಂತ ಪಕ್ಕಕ್ಕೆ ತಳ್ಳುವುದು ನಮಗೆಲ್ಲ ಬಹಳ ಸಲೀಸು.

ಸುಧಾರಣೆ ಆಗಿದೆಯಾ ಅಂತ ತಿಳಿಯಬೇಕಾದರೆ ಎರಡು ಟೆಸ್ಟ್ ಹೋಲಿಸಬೇಡಿ. ಮೊದಲ ಎರಡು ಮೂರರ ಸರಾಸರಿಯನ್ನು ಕೊನೆಯ ಎರಡು ಮೂರರ ಸರಾಸರಿ ಜೊತೆ ಹೋಲಿಸಿ.

ಯಾವ ಮಾಕ್ ಲೆಕ್ಕಕ್ಕೆ ಬರುತ್ತದೆ? ಜಿಮ್ಯಾಟ್ ನಡೆಸುವವರದೇ ವೆಬ್‌ಸೈಟ್ ಆದ ಎಂಬಿಎ ಡಾಟ್ ಕಾಮ್‌ನ ಅಧಿಕೃತ ಪ್ರಾಕ್ಟೀಸ್ ಎಕ್ಸಾಂಗಳು, ಅದೂ ಮೊದಲ ಸಲ ಬರೆದಾಗ. ಎರಡು ಉಚಿತ, ಉಳಿದವಕ್ಕೆ ದುಡ್ಡು ಕೊಡಬೇಕು. ನಿಜವಾದ ಪರೀಕ್ಷೆಯ ಹಾಗೆ ಪ್ರಶ್ನೆಯ ಮಟ್ಟ ಬದಲಿಸುತ್ತಾ ಹೋಗುವ, ಅದೇ ರೀತಿ ಸ್ಕೋರ್ ಕೊಡುವ ಮಾಕ್ ಅಂದರೆ ಇವೇ. ಬೇರೆ ಕಂಪನಿಗಳ ಮಾಕ್ ಅಭ್ಯಾಸಕ್ಕೆ ಚೆನ್ನಾಗಿರಬಹುದು, ಸ್ಕೋರ್ ಮಾತ್ರ ಅವರ ಅಂದಾಜು. ರೀಸೆಟ್ ಮಾಡಿ ಎರಡನೇ ಸಲ ಬರೆದರೆ ನೋಡಿದ ಪ್ರಶ್ನೆಗಳು ತಿರುಗಿ ಬರಬಹುದು, ಸ್ಕೋರ್ ಉಬ್ಬುತ್ತದೆ. ಮಧ್ಯೆ ಫೋನ್ ನೋಡಿ, ಟೈಮರ್ ನಿಲ್ಲಿಸಿ, 10 ನಿಮಿಷದ ಬ್ರೇಕನ್ನು ಅರ್ಧ ಗಂಟೆ ಎಳೆದು ಬರೆದ ಮಾಕ್‌ನ ಸ್ಕೋರನ್ನು ಡೈರಿಯಲ್ಲಿ ಬರೆಯಲೂ ಬೇಡಿ.

'ಎಷ್ಟು ತಪ್ಪಾಯಿತು' ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ

ಶಾಲೆಯಿಂದ ಬಂದ ಅಭ್ಯಾಸ ಇದು. ಜಿಮ್ಯಾಟ್‌ನಲ್ಲಿ ನೀವು ಸರಿ ಉತ್ತರಿಸಿದ ಹಾಗೆ ಮುಂದಿನ ಪ್ರಶ್ನೆಗಳು ಕಷ್ಟವಾಗುತ್ತವೆ. ಹಾಗಾಗಿ ಇಬ್ಬರಿಗೂ ಆರಾರು ತಪ್ಪಾದರೂ ಸ್ಕೋರ್ ಬೇರೆ ಬೇರೆ ಬರಬಹುದು. ಟೆಸ್ಟ್ ತುಂಬಾ ಕಷ್ಟ ಅನಿಸಿತು ಅನ್ನುವುದೂ ಕೆಟ್ಟ ಸೂಚನೆಯೇನಲ್ಲ. ಆದರೆ ಒಂದು ಮಾತು ಖಂಡಿತ: ಕೊನೆಯಲ್ಲಿ ಪ್ರಶ್ನೆ ಬಿಟ್ಟರೆ ಸ್ಕೋರ್‌ಗೆ ಪೆಟ್ಟು ಬೀಳುತ್ತದೆ. ಗೊತ್ತಿಲ್ಲದಿದ್ದರೂ ಏನಾದರೂ ಒತ್ತಿ ಮುಗಿಸಿ.

ಈಗ ಅಸಲಿ ಕೆಲಸ

ಸ್ಕೋರ್ ನೋಡಿ ಆಯಿತಲ್ವಾ, ಇನ್ನು ತಪ್ಪುಗಳ ಹತ್ತಿರ ಬನ್ನಿ. ವಿವರಣೆ ಓದುವ ಮುಂಚೆ ಒಂದು ಕೆಲಸ ಮಾಡಿ. ತಪ್ಪಾದ ಪ್ರಶ್ನೆಗಳನ್ನೂ, ಅಂದಾಜಿಗೆ ಒತ್ತಿ ಸರಿಯಾದವನ್ನೂ ಟೈಮರ್ ಇಲ್ಲದೆ ಇನ್ನೊಮ್ಮೆ ಮಾಡಿ, ಸರಿ ಉತ್ತರ ಯಾವುದು ಅಂತ ನೋಡದೆಯೇ. ಬೇಜಾರಿನ ಕೆಲಸ, ಒಪ್ಪುತ್ತೇನೆ. ಟೆಸ್ಟ್ ಬರೆದಷ್ಟೇ ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ಜಾಸ್ತಿಯೇ. ಆದರೆ ಅಂಕ ಏರುವುದು ಇಲ್ಲಿಂದಲೇ. ದಿನಾ ತೂಕದ ಯಂತ್ರದ ಮೇಲೆ ನಿಂತರೆ ತೂಕ ಇಳಿಯಲ್ಲ ಅಲ್ವಾ, ಬರೀ ಮಾಕ್ ಮೇಲೆ ಮಾಕ್ ಬರೆಯುವುದೂ ಹಾಗೇ.

ಒಂದು ಸುಲಭದ ಪ್ರಶ್ನೆ ತೆಗೆದುಕೊಳ್ಳೋಣ. ಒಂದು ವಸ್ತುವಿನ ಬೆಲೆಯನ್ನು ಶೇ. 20 ಏರಿಸಿ, ಆಮೇಲೆ ಶೇ. 20 ಇಳಿಸಿದರು. ಮೊದಲಿನ ಬೆಲೆಗಿಂತ ಶೇಕಡಾ ಎಷ್ಟು ಕಮ್ಮಿಯಾಯಿತು? 100 ಇದ್ದದ್ದು 120 ಆಗುತ್ತದೆ, 120ರ ಶೇ. 20 ಅಂದರೆ 24 ಕಳೆದರೆ 96. ಉತ್ತರ 4.

ಇದನ್ನು ಮೂವರು ತಪ್ಪು ಮಾಡಿದರು ಅನ್ನಿ. ಮೊದಲನೆಯವನು ಏರಿದ್ದೂ 20, ಇಳಿದದ್ದೂ 20, ವ್ಯತ್ಯಾಸವೇ ಇಲ್ಲ ಅಂತ 0 ಒತ್ತಿದ. ಇವನಿಗೆ ವಿಷಯವೇ ಗೊತ್ತಿಲ್ಲ, ಶೇಕಡಾವಾರಿನ ಪಾಠಕ್ಕೆ ವಾಪಸ್ ಹೋಗಬೇಕು. ಎರಡನೆಯವಳು 96ರವರೆಗೆ ಸರಿಯಾಗಿ ಬಂದು, ಆಯ್ಕೆಗಳಲ್ಲಿ 96 ಕಂಡ ತಕ್ಷಣ ಅದನ್ನೇ ಒತ್ತಿದಳು. ಇವಳಿಗೆ ಪಾಠ ಬೇಡ, ಕೇಳಿದ್ದೇನು ಅಂತ ಉತ್ತರ ಒತ್ತುವ ಮುಂಚೆ ಇನ್ನೊಮ್ಮೆ ನೋಡುವ ಅಭ್ಯಾಸ ಬೇಕು. ಮೂರನೆಯವನಿಗೆ ಎಲ್ಲ ಬರುತ್ತದೆ. ಆದರೆ ಹಿಂದಿನ ಪ್ರಶ್ನೆಯಲ್ಲಿ ಐದು ನಿಮಿಷ ಕಳೆದು, ಇಲ್ಲಿ 20 ಸೆಕೆಂಡಿನಲ್ಲಿ ಕಣ್ಣುಮುಚ್ಚಿ ಒತ್ತಿದ. ಇವನ ತಪ್ಪು ಈ ಪ್ರಶ್ನೆಯಲ್ಲೇ ಇಲ್ಲ. ರಿಪೋರ್ಟ್‌ನಲ್ಲಿ ಮಾತ್ರ ಮೂವರಿಗೂ ಒಂದೇ ಥರ ತಪ್ಪು ಅಂತ ಕಾಣುತ್ತದೆ, ಮೂವರೂ 'ಪರ್ಸೆಂಟೇಜ್ ವೀಕು' ಅಂತ ಬರೆದುಕೊಂಡು ಮತ್ತೆ ಐವತ್ತು ಲೆಕ್ಕ ಮಾಡುತ್ತಾರೆ. ಅದರಿಂದ ಲಾಭ ಆಗುವುದು ಒಬ್ಬನಿಗೆ.

ಹಾಗಾಗಿ ಒಂದು ಶೀಟ್ ಮಾಡಿ. ಪ್ರಶ್ನೆಯ ನಂಬರ್, ವಿಷಯ, ತೆಗೆದುಕೊಂಡ ಸಮಯ, ಮತ್ತು ಯಾಕೆ ತಪ್ಪಾಯಿತು ಅನ್ನುವುದಕ್ಕೆ ಒಂದೇ ಒಂದು ಸಾಲು. 'ಸಿಲ್ಲಿ ಮಿಸ್ಟೇಕ್' ಅಂತ ಮಾತ್ರ ಬರೆಯಬೇಡಿ, ಅದು ಕಾರಣ ಅಲ್ಲ. 'ಮೈನಸ್ ಗುರುತು ಬಿಟ್ಟೆ', 'ಅಲ್ಲದ್ದು ಯಾವುದು ಅಂತ ಕೇಳಿದ್ದನ್ನು ಗಮನಿಸಲಿಲ್ಲ', ಹೀಗೆ ಬರೆಯಿರಿ. ಎರಡು ಮೂರು ಮಾಕ್ ಆದಮೇಲೆ ಅದೇ ಸಾಲು ತಿರುತಿರುಗಿ ಬರುತ್ತಿರುತ್ತದೆ, ಆಗ ಏನು ಓದಬೇಕು ಅಂತ ಯಾರನ್ನೂ ಕೇಳಬೇಕಾಗಿಲ್ಲ.

ಸಮಯದ ಕಾಲಮ್ ಬೇರೆಯೇ ಓದಿ

ಪ್ರತಿ ಸೆಕ್ಷನ್ 45 ನಿಮಿಷ. ಕ್ವಾಂಟ್‌ನಲ್ಲಿ 21 ಪ್ರಶ್ನೆ, ವರ್ಬಲ್‌ನಲ್ಲಿ 23, ಡೇಟಾ ಇನ್‌ಸೈಟ್ಸ್‌ನಲ್ಲಿ 20. ಅಂದರೆ ಒಂದಕ್ಕೆ ಎರಡು ನಿಮಿಷದ ಆಸುಪಾಸು. ನೀವು ಮೂರೂವರೆ ನಿಮಿಷಕ್ಕಿಂತ ಜಾಸ್ತಿ ಕೂತ ಪ್ರಶ್ನೆಗಳನ್ನು ಗುರುತು ಹಾಕಿ, ಅವುಗಳಲ್ಲಿ ಎಷ್ಟು ಸರಿಯಾದವು ನೋಡಿ. ಬಹಳ ಸಲ ಅರ್ಧಕ್ಕಿಂತ ಹೆಚ್ಚು ತಪ್ಪೇ ಇರುತ್ತವೆ. ಅಷ್ಟು ಹೊತ್ತು ಹಟ ಹಿಡಿದು ಕೂತದ್ದೂ ಹೋಯಿತು, ಅದರಿಂದ ಕೊನೆಯ ನಾಲ್ಕೈದು ಪ್ರಶ್ನೆ ಓದದೆ ಒತ್ತಿದ್ದೂ ಆಯಿತು. ಮೊದಲ ಹತ್ತು ಪ್ರಶ್ನೆಗಳೇ ಸ್ಕೋರ್ ನಿರ್ಧರಿಸುತ್ತವೆ ಅನ್ನುವ ಹಳೇ ಮಾತು ನಂಬಿಕೊಂಡು ಶುರುವಿನಲ್ಲಿ ಟೈಮ್ ಸುರಿಯುವವರಿಗೆ ಇದು ಖಾಯಂ ರೋಗ.

ಪ್ರತಿ ಸೆಕ್ಷನ್‌ನ ಕೊನೆಯಲ್ಲಿ, ಟೈಮ್ ಉಳಿದಿದ್ದರೆ, ಮೂರು ಉತ್ತರಗಳವರೆಗೆ ಬದಲಿಸಬಹುದು. ಬದಲಿಸಿದಾಗ ತಪ್ಪು ಸರಿಯಾಯಿತಾ, ಸರಿ ತಪ್ಪಾಯಿತಾ ಅಂತ ಅದೇ ಶೀಟ್‌ನಲ್ಲಿ ಬರೆದಿಡಿ. ಕೆಲವರಿಗೆ ಈ ಸೌಲಭ್ಯದಿಂದ ನಷ್ಟವೇ ಜಾಸ್ತಿ. ಸೆಕ್ಷನ್‌ಗಳ ಕ್ರಮವೂ ನಿಮ್ಮ ಆಯ್ಕೆ, ಅದನ್ನೂ ಮಾಕ್‌ಗಳಲ್ಲೇ ಬದಲಿಸಿ ನೋಡಿ, ಪರೀಕ್ಷೆಯ ದಿನ ಪ್ರಯೋಗ ಬೇಡ.

ಡೇಟ್ ಬುಕ್ ಮಾಡುವುದು ಯಾವಾಗ

ನಿಮಗೆ ಬೇಕಾದ ಕಾಲೇಜುಗಳು ಹಿಂದಿನ ಬ್ಯಾಚ್‌ನ ಸರಾಸರಿ ಅಥವಾ ಮೀಡಿಯನ್ (ಸ್ಕೋರ್‌ಗಳನ್ನು ಕ್ರಮವಾಗಿ ಜೋಡಿಸಿದಾಗ ಸರಿಯಾಗಿ ಮಧ್ಯಕ್ಕೆ ಬರುವುದು) ಪ್ರಕಟಿಸಿರುತ್ತವೆ. ಅದು ಯಾವ ಸ್ಕೇಲ್‌ನಲ್ಲಿದೆ ಅಂತ ನೋಡಿಕೊಂಡು ಟಾರ್ಗೆಟ್ ಇಟ್ಟುಕೊಳ್ಳಿ. ಮೊದಲ ಅಧಿಕೃತ ಮಾಕನ್ನು ಶುರುವಿನಲ್ಲೇ ಬರೆದುಬಿಡಿ, ಒಂದೆರಡನ್ನು ಮುಟ್ಟದೆ ಕೊನೆಯ ಎರಡು ಮೂರು ವಾರಕ್ಕೆ ಉಳಿಸಿ. ಕೊನೆಯ ಎರಡು ಮೂರರ ಸರಾಸರಿ ಟಾರ್ಗೆಟ್ ಮುಟ್ಟಿದ್ದರೆ ಹೋಗಿ ಬರೆಯಿರಿ. 20 ಅಂಕ ಕಮ್ಮಿ ಇದ್ದರೂ ಬರೆಯಬಹುದು ಅನ್ನುವುದು ನನ್ನ ಅಭಿಪ್ರಾಯ, ಅಷ್ಟು ಏರುಪೇರಿನೊಳಗೇ ಬರುತ್ತದೆ. 60–70 ಅಂಕ ಹಿಂದಿದ್ದರೆ ಮಾತ್ರ ಅದೃಷ್ಟಕ್ಕೆ ಕಾಯಬೇಡಿ, ಡೇಟ್ ಮುಂದಕ್ಕೆ ಹಾಕಿ. ಇನ್ನೊಮ್ಮೆ ಬರೆಯಬೇಕಾದರೆ ಮಧ್ಯೆ 16 ದಿನ ಅಂತರ ಇರಬೇಕು, 12 ತಿಂಗಳಲ್ಲಿ ಐದು ಸಲ ಮಾತ್ರ ಅವಕಾಶ. ಕಾಲೇಜಿನ ಕೊನೆಯ ದಿನಾಂಕದಿಂದ ಹಿಂದಕ್ಕೆ ಎಣಿಸಿ, ಎರಡನೇ ಪ್ರಯತ್ನಕ್ಕೆ ಜಾಗ ಉಳಿಯುವ ಹಾಗೆ ಮೊದಲ ಡೇಟ್ ಹಾಕಿಕೊಳ್ಳಿ.