ಕಣ್ಣು ತಾನಾಗಿ ಸರಿಹೋಗಿತ್ತು, ನನ್ನ ಗುಳಿಗೆಯಿಂದ ಎಂದುಕೊಂಡಿದ್ದೆ

ದಾವಣಗೆರೆಯಲ್ಲಿ ಹೋಮಿಯೋಪಥಿ ಕ್ಲಿನಿಕ್ ಇಟ್ಟು ನನಗೆ 19 ವರ್ಷವಾಯಿತು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ನನಗೆ ಕಾಲೇಜಿನಲ್ಲಿ ಬರೀ ಪರೀಕ್ಷೆಯ ಪ್ರಶ್ನೆಯಾಗಿತ್ತು. ಅದರ ನಿಜವಾದ ಮುಖ ತೋರಿಸಿದ್ದು 24 ವರ್ಷದ ಒಬ್ಬ ಟೀಚರ್.

ಅಮ್ಮನ ಜೊತೆ ಬಂದಿದ್ದಳು. "ಕಣ್ಣು ಆಡಿಸಿದರೆ ಒಳಗಡೆ ನೋವು ಸಾರ್. ಎಡಗಣ್ಣು ಮುಚ್ಚಿದರೆ ಕುಂಕುಮ ಕೆಂಪಗೇ ಕಾಣುತ್ತೆ. ಬಲಗಣ್ಣು ಮುಚ್ಚಿದರೆ ಮಾಸಿದ ಇಟ್ಟಿಗೆ ಪುಡಿ ಥರ" ಎಂದಳು. ಒಂದು ಗಂಟೆ ಕೂತು ಎಲ್ಲ ಕೇಳಿದೆ. ನಿದ್ದೆ, ಬಾಯಾರಿಕೆ, ಕನಸು, ಭಯ, ಏನನ್ನೂ ಬಿಡಲಿಲ್ಲ. ಫಾಸ್ಫರಸ್ ಎಂಬ ಹೋಮಿಯೋಪಥಿ ಗುಳಿಗೆ ಕೊಟ್ಟೆ. ಐದು ವಾರಕ್ಕೆ ಕಣ್ಣು ಸರಿಹೋಯಿತು. ಅವಳ ಅಮ್ಮ ಹೋಳಿಗೆ ಮಾಡಿಕೊಂಡು ತಂದುಕೊಟ್ಟರು. ನಾನು ನನ್ನ ರಿಜಿಸ್ಟರ್‌ನಲ್ಲಿ 'ಗುಣವಾಗಿದೆ' ಎಂದು ಬರೆದೆ, ಎಷ್ಟೋ ಜನರಿಗೆ ಹೇಳಿಕೊಂಡೆ ಕೂಡ.

ಎಂಟು ತಿಂಗಳ ಮೇಲೆ ಮತ್ತೆ ಬಂದಳು. ಈ ಸಲ ಎರಡೂ ಕಾಲು ಜೋಮು. ಅದು ಸೊಂಟದವರೆಗೆ ಏರಿತ್ತು. ಲಂಗದ ಲಾಡಿ ಬಿಗಿಯಾಗಿ ಕಟ್ಟಿದ ಹಾಗೆ ಹೊಟ್ಟೆ ಸುತ್ತ ಹಿಡಿತ. ತಲೆ ಬಗ್ಗಿಸಿ ಬರೆಯೋಕೆ ಹೋದರೆ ಕುತ್ತಿಗೆಯಿಂದ ಬೆನ್ನ ಕೆಳಗೆ ಕರೆಂಟ್ ಹೊಡೆದ ಹಾಗಾಗುತ್ತೆ ಎಂದಳು. ಇದಕ್ಕೆ ಲೆರ್ಮಿಟ್ ಚಿಹ್ನೆ ಅಂತಾರೆ, ಪುಸ್ತಕದಲ್ಲಿ ಓದಿದ್ದೆ. ಆವತ್ತು ಲಕ್ಷಣ ನೋಡಿ ಔಷಧಿ ಹುಡುಕುವ ನಮ್ಮ ಪುಸ್ತಕ ರೆಪರ್ಟರಿ ತೆಗೆಯಲಿಲ್ಲ, ಫೋನ್ ತೆಗೆದು ನ್ಯೂರಾಲಜಿಸ್ಟ್ ಹತ್ತಿರ ಮಾತಾಡಿ ಅವತ್ತೇ ಕಳಿಸಿದೆ. ಎಂಆರ್‌ಐನಲ್ಲಿ ಮಿದುಳಲ್ಲೂ ಕುತ್ತಿಗೆ ಭಾಗದ ಬೆನ್ನುಹುರಿಯಲ್ಲೂ ಬಿಳಿ ಕಲೆಗಳಿದ್ದವು. ಬೆನ್ನಿನ ನೀರಿನ ಪರೀಕ್ಷೆಯೂ ಆಯಿತು. ಎಂಎಸ್ ಎಂದು ಖಚಿತವಾಯಿತು. ಐದು ದಿನ ಸ್ಟೀರಾಯ್ಡ್ ಡ್ರಿಪ್ ಹಾಕಿದರು.

ನನ್ನ ತಪ್ಪು ಎಲ್ಲಿತ್ತು ಅನ್ನೋದನ್ನ ಬಿಡಿಸಿ ಹೇಳಬೇಕು. ಎಂಎಸ್‌ನಲ್ಲಿ ನಮ್ಮ ದೇಹದ ರೋಗನಿರೋಧಕ ಪಡೆಯೇ ನರಗಳ ಮೇಲಿನ ಹೊದಿಕೆ ಮಯಲಿನ್ ಮೇಲೆ ದಾಳಿ ಮಾಡುತ್ತೆ. ವೈರ್ ಮೇಲಿನ ಪ್ಲಾಸ್ಟಿಕ್ ಸುಲಿದರೆ ಏನಾಗುತ್ತೋ ಹಾಗೆ. ಸಾಮಾನ್ಯವಾಗಿ 20ರಿಂದ 40ರ ವಯಸ್ಸಲ್ಲಿ ಶುರು, ಹೆಂಗಸರಲ್ಲಿ ಜಾಸ್ತಿ. ಶುರುವಿನಲ್ಲಿ 100ರಲ್ಲಿ ಸುಮಾರು 85 ಜನಕ್ಕೆ ಇದು ಬಂದು ಹೋಗುವ ರೂಪದಲ್ಲೇ ಇರುತ್ತೆ: ದಾಳಿ ಬರುತ್ತೆ, ಕೆಲವು ವಾರದಲ್ಲಿ ಇಳಿಯುತ್ತೆ, ಆಮೇಲೆ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸುಮ್ನಿರುತ್ತೆ. ಕಣ್ಣಿನ ನರದ ಊತವಂತೂ ಏನೂ ಕೊಡದಿದ್ದರೂ ಬಹಳ ಜನರಲ್ಲಿ ವಾರಗಳಲ್ಲಿ ತಾನೇ ಸುಧಾರಿಸುತ್ತೆ. ಅವಳ ಕಣ್ಣಿಗೆ ಆಗಿದ್ದು ಅದೇ. ಅಂಥ ಕಾಯಿಲೆಗೆ ಯಾರು ಏನು ಕೊಟ್ಟರೂ ಐದು ವಾರ ಬಿಟ್ಟು ನೋಡಿದರೆ ಗುಣವಾದಂತೆಯೇ ಕಾಣುತ್ತೆ, ಅಲ್ವಾ? ಇನ್ನೊಂದು ವಿಷಯ ನನ್ನ ನಿದ್ದೆ ಕೆಡಿಸಿತು. ಹೊರಗೆ ಏನೂ ತೊಂದರೆ ಇಲ್ಲದಾಗಲೂ ಒಳಗೆ ಹೊಸ ಕಲೆ ಬೀಳಬಹುದು. ನಾನು ಖುಷಿಪಟ್ಟ ಆ ಎಂಟು ತಿಂಗಳಲ್ಲಿ ಅವಳಿಗೆ ಸರಿಯಾದ ಔಷಧಿ ಶುರುವಾಗಬಹುದಿತ್ತು.

ಅವಳ ಅಮ್ಮ ಆಮೇಲೂ ನನ್ನನ್ನೇ ನಂಬಿದ್ದರು. "ಡಾಕ್ಟ್ರೇ, ಆ ಇಂಗ್ಲಿಷ್ ಮಾತ್ರೆ ತಗೊಂಡರೆ ಮುಖ ಕೆಂಪಾಗಿ ಉರಿ ಬರುತ್ತೆ. ಅದನ್ನ ಬಿಟ್ಟು ನಿಮ್ಮದೇ ಕೊಡಿ" ಎಂದರು. ನಾನು ಕೈಮುಗಿದು, ಬೇಡಮ್ಮ ಎಂದೆ. ಆ ಮಾತ್ರೆ ಡೈಮಿಥೈಲ್ ಫ್ಯೂಮರೇಟ್, ಎಂಎಸ್ ದಾಳಿ ಕಡಿಮೆ ಮಾಡಲು ನ್ಯೂರಾಲಜಿಸ್ಟ್ ಕೊಟ್ಟದ್ದು. ಊಟದ ಜೊತೆ ತಗೊಂಡರೆ ಉರಿ ಕಡಿಮೆಯಾಗುತ್ತೆ, ಆಗಾಗ ರಕ್ತಪರೀಕ್ಷೆ ಮಾಡಿಸಬೇಕು, ಅಷ್ಟೇ. ದಾಳಿಗಳನ್ನು ಕಡಿಮೆ ಮಾಡುವ ಔಷಧಿಗಳು 1993ರಿಂದ, ಇಂಟರ್‌ಫೆರಾನ್ ಬಂದಾಗಿನಿಂದ ಇವೆ. ಈಗ ಇನ್ನೂ ಬಲವಾದವು ಬಂದಿವೆ.

ಹಾಗಾದರೆ ಹೋಮಿಯೋಪಥಿ ಏನು ಮಾಡುತ್ತೆ ಎಂದು ಕೇಳುವವರಿಗೆ ನೇರವಾಗಿ ಹೇಳುತ್ತೇನೆ. ನಮ್ಮ ಪುಸ್ತಕಗಳಲ್ಲಿ ನಿಧಾನವಾಗಿ ಸೋಲುವ ಕಾಲಿಗೆ, ಮೂತ್ರ ತಡೆಯಲಾಗದ್ದಕ್ಕೆ ಕಾಸ್ಟಿಕಮ್ ಇದೆ. ಭಾರವಾದ ರೆಪ್ಪೆ, ನಡುಕಕ್ಕೆ ಜೆಲ್ಸೀಮಿಯಂ, ಸೆಟೆದ ಕಾಲಿಗೆ ಕೇಸರಿ ಬೇಳೆಯಿಂದ ಮಾಡಿದ ಲ್ಯಾಥಿರಸ್. ಇವೆಲ್ಲ ಲಕ್ಷಣದ ಹೋಲಿಕೆ ನೋಡಿ ಆರಿಸುವವು. ಆದರೆ ಎಂಎಸ್ ದಾಳಿಯನ್ನು ಇವು ತಡೆಯುತ್ತವೆ ಅನ್ನೋದಕ್ಕೆ ಪುರಾವೆ ಇಲ್ಲ. ನಮ್ಮ ಔಷಧಿಗಳ ಮೇಲೆ ಬರೆಯುವ 30ಸಿ ಅಂದರೆ ನೂರರಲ್ಲೊಂದು ಪಾಲು ಎಂಬಂತೆ 30 ಸಲ ತೆಳುಮಾಡಿದ್ದು, ಮೂಲ ವಸ್ತು ಅದರಲ್ಲಿ ಉಳಿಯುವುದೇ ಇಲ್ಲ. ಆಸ್ಟ್ರೇಲಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಎಲ್ಲ ಅಧ್ಯಯನ ನೋಡಿ, ಹೋಮಿಯೋಪಥಿ ಕೆಲಸ ಮಾಡುತ್ತೆ ಎನ್ನಲು ನಂಬಲರ್ಹ ಪುರಾವೆ ಇರುವ ಕಾಯಿಲೆ ಒಂದೂ ಇಲ್ಲ ಎಂದಿತು. ನನ್ನ ಜೊತೆ ಓದಿದವರಿಗೆ ಈ ಮಾತು ಕಹಿ. ನನಗೂ ಕಹಿಯೇ ಆಗಿತ್ತು. ಈಗ ಎಂಎಸ್ ಇರುವವರು ಕೇಳಿದರೆ ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಉಳಿದದ್ದು ಆ ಒಂದು ಗಂಟೆ ಕೂತು ಕೇಳುವ ಅಭ್ಯಾಸ. ಅದನ್ನು ಬಿಟ್ಟಿಲ್ಲ. ಜೋಮು ಎಂದು ಬಂದವರನ್ನು ಈಗ ಬೇರೆ ಥರ ಕೇಳುತ್ತೇನೆ: ಎಷ್ಟು ದಿನದಿಂದ, 24 ಗಂಟೆಗಿಂತ ಜಾಸ್ತಿ ಬಿಡದೆ ಇದೆಯಾ, ಹಿಂದೆ ಯಾವಾಗಲಾದರೂ ಒಂದು ಕಣ್ಣು ಮಂಜಾಗಿತ್ತಾ, ಒಂದು ಎರಡಾಗಿ ಕಂಡಿತ್ತಾ, ಮೂತ್ರಕ್ಕೆ ಓಡಬೇಕಾಗುತ್ತಾ, ಬೆಳಿಗ್ಗೆ ಎದ್ದಾಗಲೇ ಮೈಯಲ್ಲಿ ಶಕ್ತಿಯೇ ಇರುವುದಿಲ್ಲವಾ. ಬಿ12 ಕೊರತೆಯೂ ಹೀಗೇ ಜೋಮು ತರುತ್ತೆ. ಮಾಂಸ, ಮೊಟ್ಟೆ ಮುಟ್ಟದ, ಹಾಲು ಮಜ್ಜಿಗೆಯೂ ಕಡಿಮೆ ಇರುವ ಮನೆಗಳಲ್ಲಿ ಅದನ್ನು ಮೊದಲು ನೋಡಬೇಕು. ಇದರಲ್ಲಿ ಯಾವುದಕ್ಕೂ ನಾನು ಗುಳಿಗೆ ಕೊಟ್ಟು ಕಾಯುವುದಿಲ್ಲ, ಚೀಟಿ ಬರೆದು ಕಳಿಸುತ್ತೇನೆ.

ಎಂಎಸ್ ಇದ್ದವರ ಜೊತೆ ಜಾಸ್ತಿ ಮಾತಾಡುವುದು ಬಿಸಿಯ ಬಗ್ಗೆ. ಮೈ ಬಿಸಿಯಾದರೆ ಹಳೆಯ ಲಕ್ಷಣಗಳು ಮತ್ತೆ ಕಾಣಿಸುತ್ತವೆ, ತಣ್ಣಗಾದರೆ ಇಳಿಯುತ್ತವೆ. ಇದು ಹೊಸ ದಾಳಿಯಲ್ಲ. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಿ ಕುತ್ತಿಗೆಗೆ ಒದ್ದೆ ಬಟ್ಟೆ, ಮಧ್ಯಾಹ್ನ ಹೊರಗೆ ಹೋಗದಿರುವುದು, ಉಗುರುಬೆಚ್ಚಗಿನ ನೀರಿನ ಸ್ನಾನ. ಮೂತ್ರದ ಸೋಂಕಾದರೂ ಹೀಗೇ ಕಾಲು ಸೋಲಬಹುದು, ಆಗ ಮೊದಲು ಮೂತ್ರಪರೀಕ್ಷೆ. ಹಳೇ ಚೀಟಿ ತೋರಿಸಿ ತಾವೇ ಸ್ಟೀರಾಯ್ಡ್ ತಗೊಳ್ಳಬಾರದು. ಮತ್ತೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಸೇರಿದೆ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್‌ಗೆ ಅರ್ಜಿ ಹಾಕಬಹುದು. ಇದನ್ನು ಹೇಳುವವರೇ ಇಲ್ಲ.

ಆ ಟೀಚರ್‌ಗೆ ಮದುವೆಯಾಯಿತು. ಮಗು ಬೇಕೆಂದಾಗ ಮಾತ್ರೆ ಯಾವಾಗ ನಿಲ್ಲಿಸಬೇಕೆಂದು ನ್ಯೂರಾಲಜಿಸ್ಟ್ ತೀರ್ಮಾನಿಸಿದರು. ಬಸಿರಿನ ಕೊನೆಯ ಮೂರು ತಿಂಗಳಲ್ಲಿ ದಾಳಿ ಕಡಿಮೆ, ಹೆರಿಗೆಯಾದ ಮೊದಲ ಮೂರು ತಿಂಗಳಲ್ಲಿ ಜಾಸ್ತಿ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಅವಳ ಚಿಂತೆಯೆಲ್ಲ ಅಜ್ಜಿಯ ಬಾಣಂತನದ ಮೇಲೆ: ಕುದಿಯುವ ಹಂಡೆ ನೀರು, ಕಿವಿಗೆ ಬಟ್ಟೆ, ಬಾಗಿಲು ಮುಚ್ಚಿದ ಕೋಣೆ, ಕೆಂಡ. ಒಂದು ಭಾನುವಾರ ನಾನೇ ಅವರ ಮನೆಗೆ ಹೋಗಿ ಅಜ್ಜಿಯ ಹತ್ತಿರ ಕೂತೆ. ಬಿಸಿಯಿಂದ ಅವಳ ಕಾಲು ಸೋಲುತ್ತೆ, ಮಗು ಎತ್ತಿಕೊಂಡಾಗ ಬಿದ್ದುಬಿಟ್ಟರೆ ಏನು ಗತಿ ಅಜ್ಜಿ ಎಂದೆ. ಬಹಳ ಹೊತ್ತು ಸುಮ್ಮನಿದ್ದು, "ಎಣ್ಣೆ ಮಾತ್ರ ಹಚ್ಚುತ್ತೀನಿ. ನೀರು ಅವಳು ಹೇಳಿದಷ್ಟೇ ಬೆಚ್ಚಗೆ" ಎಂದರು. ಈಗ ಮಗುವಿಗೆ ಏಳು ತಿಂಗಳು. ಮುಂದಿನ ವಾರ ಅವಳಿಗೆ ಎಂಆರ್‌ಐ ಇದೆ.