ನರ್ಸ್ ಪ್ರಾಕ್ಟೀಷನರ್ ಬಳಿ ಹೋಗಲು ಹಿಂಜರಿಯಬೇಡಿ

ಟೆಕ್ಸಾಸ್‌ಗೆ ಬಂದ ಹೊಸತರಲ್ಲಿ ಕ್ಲಿನಿಕ್‌ಗೆ ಫೋನ್ ಮಾಡಿದರೆ, ಡಾಕ್ಟರನ್ನು ಕಾಣಲು ವಾರಗಟ್ಟಲೆ ಕಾಯಬೇಕು, ನರ್ಸ್ ಪ್ರಾಕ್ಟೀಷನರ್ (ಹೆಚ್ಚಿನ ಓದು ಮುಗಿಸಿ, ರೋಗ ಗುರುತಿಸಿ ಔಷಧ ಬರೆಯುವ ನರ್ಸ್) ಆದರೆ ನಾಳೆಯೇ ನೋಡುತ್ತಾರೆ ಎಂಬ ಉತ್ತರ ಬರುವುದುಂಟು. ನಮ್ಮವರಲ್ಲಿ ಹೆಚ್ಚಿನವರು ತಕ್ಷಣ ಬೇಡವೆನ್ನುತ್ತಾರೆ. ಊರಿನ ಆಸ್ಪತ್ರೆಯಲ್ಲಿ ಸಿಸ್ಟರ್ ಎಂದರೆ ಬಿ.ಪಿ. ನೋಡಿ ಇಂಜೆಕ್ಷನ್ ಕೊಡುವವರು. ರೋಗ ಹೇಳುವುದು, ಚೀಟಿ ಬರೆಯುವುದು ಡಾಕ್ಟರ ಕೆಲಸ. ಆ ಲೆಕ್ಕವನ್ನೇ ಇಲ್ಲಿಗೂ ತಂದು ನಾವು ಪೆಟ್ಟು ತಿಂದೆವು.

ನಮ್ಮ ಮೊದಲ ವರ್ಷ ಯಜಮಾನರಿಗೆ ವಿಪರೀತ ಬಾಯಾರಿಕೆ, ಸುಸ್ತು. ಮರುದಿನವೇ ಸಿಗುತ್ತಿದ್ದ ನರ್ಸ್ ಪ್ರಾಕ್ಟೀಷನರ್ ಅಪಾಯಿಂಟ್‌ಮೆಂಟನ್ನು ನಾನೇ ಬೇಡವೆಂದು, ಎಂ.ಡಿ. ಆದವರೇ ಆಗಬೇಕೆಂದು ಹಟ ಹಿಡಿದು, ಐದು ವಾರದಾಚೆಯ ದಿನ ಪಡೆದೆ. ಆ ದಿನ ಬರುವ ಮೊದಲೇ ಒಂದು ರಾತ್ರಿ ಅವರನ್ನು ಎಮರ್ಜೆನ್ಸಿಗೆ ಕರೆದೊಯ್ಯಬೇಕಾಯಿತು. ರಕ್ತದ ಸಕ್ಕರೆ ಮಿತಿ ಮೀರಿತ್ತು. ಆಮೇಲೆ ಅದನ್ನು ಹದಕ್ಕೆ ತಂದವರು ಒಬ್ಬ ನರ್ಸ್ ಪ್ರಾಕ್ಟೀಷನರ್. ಅನ್ನ ಎಷ್ಟು, ಮುದ್ದೆ ಎಷ್ಟು, ರಾತ್ರಿ ಊಟ ಎಷ್ಟು ಹೊತ್ತಿಗೆ ಎಂದು ಒಂದೊಂದನ್ನೂ ಕೇಳಿ ಬರೆದುಕೊಂಡರು. ಯಜಮಾನರು ದಪ್ಪಗಿರಲಿಲ್ಲವಾದ್ದರಿಂದ ನಮಗೆ ಅನುಮಾನವೇ ಬಂದಿರಲಿಲ್ಲ. ಮನೆತನದಲ್ಲಿ ಸಕ್ಕರೆ ಕಾಯಿಲೆ ಇದ್ದವರನ್ನು ತಪಾಸಣೆ ಮಾಡಲು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಉಳಿದವರಿಗೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 25 ಎಂದು ಗಡಿ ಹಾಕಿದ್ದರೆ, ಏಷ್ಯಾ ಮೂಲದವರಿಗೆ 23 ಎಂದಿದೆ. ದಯವಿಟ್ಟು ಮೊದಲ ಭೇಟಿಯಲ್ಲೇ ಎ1ಸಿ ಪರೀಕ್ಷೆ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತಪರೀಕ್ಷೆ) ಕೇಳಿ.

ನರ್ಸ್ ಪ್ರಾಕ್ಟೀಷನರ್‌ಗಳು ನೋಂದಾಯಿತ ನರ್ಸ್ ಆದ ಮೇಲೆ ಸ್ನಾತಕೋತ್ತರ ಪದವಿಯನ್ನೋ ಡಾಕ್ಟರೇಟನ್ನೋ ಪಡೆದು, ರಾಷ್ಟ್ರಮಟ್ಟದ ಪರೀಕ್ಷೆ ಪಾಸಾಗಿ ರಾಜ್ಯದ ಪರವಾನಗಿ ಪಡೆದವರು. 1965ರಲ್ಲಿ ಲೊರೆಟಾ ಫೋರ್ಡ್ ಎಂಬ ನರ್ಸ್ ಮತ್ತು ಮಕ್ಕಳ ವೈದ್ಯ ಹೆನ್ರಿ ಸಿಲ್ವರ್ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಈ ಶಿಕ್ಷಣವನ್ನು ಆರಂಭಿಸಿದರು. ರೋಗ ಗುರುತಿಸುವುದು, ರಕ್ತಪರೀಕ್ಷೆ ಬರೆಯುವುದು, ಔಷಧ ಕೊಡುವುದು, ತಜ್ಞರ ಬಳಿ ಕಳುಹಿಸುವುದು ಎಲ್ಲವನ್ನೂ ಇವರೇ ಮಾಡುತ್ತಾರೆ. ಅರಿಜೋನಾ, ವಾಷಿಂಗ್ಟನ್ ರಾಜ್ಯಗಳಲ್ಲಿ ಸ್ವತಂತ್ರವಾಗಿ ನಡೆಸುವ ಈ ವೃತ್ತಿಯನ್ನು ಟೆಕ್ಸಾಸ್‌ನಲ್ಲಿ ಡಾಕ್ಟರೊಬ್ಬರೊಂದಿಗಿನ ಒಪ್ಪಂದದಡಿ ನಡೆಸಬೇಕು. ಹಾಗಾಗಿ ಮಕ್ಕಳ ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಕೊಡುವ ಆಡೆರಾಲ್‌ನಂಥ, ಕಟ್ಟುನಿಟ್ಟಿನ ನಿಯಂತ್ರಣವಿರುವ ಔಷಧಗಳನ್ನು ಇಲ್ಲಿನ ಕ್ಲಿನಿಕ್‌ಗಳಲ್ಲಿ ಡಾಕ್ಟರೇ ಬರೆಯಬೇಕಾಗುತ್ತದೆ.

ಅವರೆದುರು ಕುಳಿತು ‘ನಿಜವಾದ ಡಾಕ್ಟರು ಯಾವಾಗ ಬರುತ್ತಾರೆ’ ಎಂದು ಕೇಳುವುದು ಸಭ್ಯತೆಯಲ್ಲ. ಹಾಗೆ ಕೇಳಿದ ನಮ್ಮವರನ್ನು ನಾನು ಕಂಡಿದ್ದೇನೆ. ಬೆಂಗಳೂರಿನಲ್ಲಿ ನರ್ಸಿಂಗ್ ಓದಿ, ಇಲ್ಲಿ ರಾತ್ರಿಪಾಳಿ ಮಾಡುತ್ತಲೇ ಮುಂದಿನ ಪದವಿ ಪಡೆದು ಈ ಕೆಲಸಕ್ಕೆ ಏರಿದ ಹೆಣ್ಣುಮಕ್ಕಳು ನಮ್ಮ ಸಂಘದಲ್ಲೇ ಇದ್ದಾರೆ, ಅವರು ನಮ್ಮ ಹೆಮ್ಮೆ. ಡಾಕ್ಟರೇ ಬೇಕೆನ್ನಿಸಿದರೆ ಫೋನಿನಲ್ಲೇ ಮರ್ಯಾದೆಯಿಂದ ಕೇಳಿಕೊಳ್ಳಬಹುದು. ಎದೆನೋವು, ಮಾತು ತೊದಲುವುದು, ಉಸಿರು ಕಟ್ಟುವುದು ಕಂಡರೆ ಯಾರಿಗೂ ಕಾಯದೆ 911ಕ್ಕೆ ಕರೆ ಮಾಡಿ.

ಭೇಟಿಗೆ ಮುನ್ನ:

- ಆ ನರ್ಸ್ ಪ್ರಾಕ್ಟೀಷನರ್ ನಿಮ್ಮ ಇನ್ಶೂರೆನ್ಸ್ ನೆಟ್‌ವರ್ಕ್‌ನಲ್ಲಿ (ವಿಮಾ ಕಂಪನಿ ಒಪ್ಪಂದ ಮಾಡಿಕೊಂಡವರ ಪಟ್ಟಿಯಲ್ಲಿ) ಇದ್ದಾರೆಯೇ ಎಂದು ವಿಚಾರಿಸಿ.
- ಮಕ್ಕಳ ಲಸಿಕೆ ಪುಸ್ತಕ, ಊರಿನಿಂದ ತಂದ ಮಾತ್ರೆಗಳು, ಆಯುರ್ವೇದದ ಲೇಹ್ಯ, ಚೂರ್ಣ ಎಲ್ಲವನ್ನೂ ಒಯ್ಯಿರಿ.
- ಇನ್ಶೂರೆನ್ಸ್ ಇದ್ದರೆ ವಾರ್ಷಿಕ ತಪಾಸಣೆಗೆ ಸಾಮಾನ್ಯವಾಗಿ ಹಣ ಕೊಡಬೇಕಿಲ್ಲ. ಅದೇ ದಿನ ಬೇರೆ ತೊಂದರೆ ಹೇಳಿದರೆ ಪ್ರತ್ಯೇಕ ಬಿಲ್ ಬರಬಹುದು.
- ಕ್ಷಯದ ಪರೀಕ್ಷೆ ಹೇಳಿದರೆ ಬಿಸಿಜಿ (ಕ್ಷಯದ ಲಸಿಕೆ) ಹಾಕಿಸಿದ್ದನ್ನು ತಿಳಿಸಿ, ಚರ್ಮದ ಪರೀಕ್ಷೆಯ ಬದಲು ರಕ್ತಪರೀಕ್ಷೆ ಕೇಳಿ. ಬಿಸಿಜಿಯಿಂದಾಗಿ ಚರ್ಮದ ಪರೀಕ್ಷೆ ಸುಮ್ಮನೆ ಪಾಸಿಟಿವ್ ತೋರಿಸಬಹುದು.